ಹೆಚ್ಚು ಓದಿದ ನರ್ಸಮ್ಮ

ನರ್ಸನ್ನು ಕರೆಯಲು ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಹಳೆಯ ಪಾಠಪುಸ್ತಕದಲ್ಲಿ ದಾದಿ, ಸರ್ಕಾರಿ ಕಾಗದದಲ್ಲಿ ಶುಶ್ರೂಷಕಿ, ಈಚೆಗೆ ಶುಶ್ರೂಷಾಧಿಕಾರಿ. ವಾರ್ಡಿನಲ್ಲಿ ಸಿಸ್ಟರ್, ಹಳ್ಳಿಯಲ್ಲಿ ನರ್ಸಮ್ಮ. ಇವುಗಳಲ್ಲಿ ಶುಶ್ರೂಷೆ ಎಂಬುದರ ಬೇರು ಹುಡುಕುತ್ತ ಹೋದರೆ ಅದರ ಮೊದಲ ಅರ್ಥ ಸೇವೆಯಲ್ಲ, ಕೇಳಬೇಕೆಂಬ ಆಸೆ. ಕೇಳುವುದು ಎಂದರೆ ಕಿವಿಗೊಡುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು. ‘ಮಾತು ಕೇಳುವ ಹುಡುಗಿ’ ಎಂದು ವಧುಪರೀಕ್ಷೆಯಲ್ಲಿ ಹೇಳಿದರೆ ಅದು ಎರಡನೆಯ ಅರ್ಥ. ರೋಗಿಯ ನರಳಾಟವನ್ನು ಕೇಳಿ ಅದರ ಕಾರಣ ಹುಡುಕುವವಳೂ ನರ್ಸೇ, ಡಾಕ್ಟರರ ಮಾತನ್ನು ಕೇಳಿ ತಲೆಯಾಡಿಸುವವಳೂ ನರ್ಸೇ. ಈ ಎರಡರಲ್ಲಿ ಯಾವುದು ಅವಳ ನಿಜವಾದ ಕೆಲಸ ಎಂಬ ಜಗಳ ನೂರು ವರ್ಷದಿಂದ ನಡೆದಿದೆ. ಅದರ ಬಹುಪಾಲು ನಡೆದದ್ದು ಅಮೆರಿಕದಲ್ಲಿ, ಅದೂ ಒಂದು ಪದವಿಯ ಹೆಸರಿನಲ್ಲಿ.

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ನರ್ಸಿಂಗ್ ಓದಿ ಆ ದೇಶಕ್ಕೆ ಹೋದ ಹುಡುಗಿಯರು ಒಂದಷ್ಟು ವರ್ಷ ಕಳೆದ ಮೇಲೆ ‘ಎನ್‌ಪಿ ಓದುತ್ತಿದ್ದೇನೆ’ ಎಂದು ಮನೆಗೆ ತಿಳಿಸುವುದುಂಟು. ಮನೆಯವರು ಬೀದಿಯಲ್ಲಿ ‘ನಮ್ಮ ಹುಡುಗಿ ಅಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ’ ಎನ್ನುತ್ತಾರೆ. ಅದು ಡಾಕ್ಟರಿಕೆಯಲ್ಲ. ಎನ್‌ಪಿ ಎಂದರೆ ನರ್ಸ್ ಪ್ರಾಕ್ಟೀಷನರ್. ಬಿ.ಎಸ್ಸಿ. ನರ್ಸಿಂಗ್ ಆದ ಮೇಲೆ ಎರಡು ಮೂರು ವರ್ಷ ಸ್ನಾತಕೋತ್ತರ ಓದು, ರಾಷ್ಟ್ರಮಟ್ಟದ ಪರೀಕ್ಷೆ, ಆಮೇಲೆ ರಾಜ್ಯದ ಪರವಾನಗಿ. ಇಷ್ಟಾದ ಮೇಲೆ ಅವಳು ರೋಗಿಯನ್ನು ತಾನೇ ಪರೀಕ್ಷಿಸಿ, ರೋಗ ಇಂಥದೆಂದು ನಿರ್ಧರಿಸಿ, ಔಷಧದ ಚೀಟಿ ಬರೆಯಬಹುದು. ಅಲ್ಲಿ ಈಗ ಇಂಥವರು ಮೂರೂವರೆ ಲಕ್ಷಕ್ಕೂ ಹೆಚ್ಚು, ಅವರಲ್ಲಿ ಹೆಂಗಸರೇ ಬಹುಪಾಲು. ಅರವತ್ತು ವರ್ಷಗಳ ಹಿಂದೆ ಈ ಹೆಸರೇ ಇರಲಿಲ್ಲ.

ಓದುವುದು ಒಳ್ಳೆಯದು, ಅದರಲ್ಲೇನು ಜಗಳ ಎನ್ನಬಹುದು ನೀವು. ಆದರೆ ನರ್ಸಿನ ಓದಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತ್ತು. ಹೆಚ್ಚು ಓದಿದಷ್ಟೂ ಅವಳು ರೋಗಿಯಿಂದ ದೂರ ಸರಿಯಬೇಕಾಗಿತ್ತು. ಮೇಷ್ಟರು ಹೆಚ್ಚು ಓದಿದರೆ ಮೇಲಿನ ತರಗತಿಗೆ ಪಾಠ ಹೇಳುತ್ತಾರೆ, ಡಾಕ್ಟರು ಹೆಚ್ಚು ಓದಿದರೆ ಕಷ್ಟದ ಕಾಯಿಲೆ ನೋಡುತ್ತಾರೆ. ನರ್ಸು ಹೆಚ್ಚು ಓದಿದರೆ ರೋಗಿಯನ್ನು ನೋಡುವುದೇ ನಿಂತುಹೋಗುತ್ತದೆ.

ಇದಕ್ಕೆ ಬೀಜ ಬಿದ್ದದ್ದು ಒಳ್ಳೆಯ ಉದ್ದೇಶದಿಂದಲೇ. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದ ಮೇಲೆ ಅದೇ ಮಾದರಿಯ ಶಾಲೆಗಳು ಅಮೆರಿಕದಲ್ಲೂ ಎದ್ದವು. ಹೆಸರಿಗೆ ಶಾಲೆ; ವಾಸ್ತವದಲ್ಲಿ ಹುಡುಗಿಯರು ಆಸ್ಪತ್ರೆಯ ಪುಕ್ಕಟೆ ಆಳುಗಳು. ಪಾಠ ಹೇಳಲು ತರಬೇತಾದ ಹೆಂಗಸರೇ ಇರಲಿಲ್ಲ. ಆ ಕೊರತೆ ತುಂಬಲು 1899ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ತರಬೇತಿ ಮುಗಿಸಿದ ನರ್ಸುಗಳಿಗಾಗಿ ಒಂದು ಕೋರ್ಸು ಆರಂಭವಾಯಿತು. ಅದರ ಹೆಸರು ಆಸ್ಪತ್ರೆ ಅರ್ಥಶಾಸ್ತ್ರ! ಹೆಸರೇ ಎಲ್ಲವನ್ನೂ ಹೇಳುತ್ತದೆ. ಲೆಕ್ಕಪತ್ರ, ಉಗ್ರಾಣ, ಮೇಲ್ವಿಚಾರಣೆ, ಬೋಧನೆ. 1907ರಲ್ಲಿ ಅಡಿಲೇಡ್ ನಟಿಂಗ್ ಎಂಬಾಕೆ ಅಲ್ಲಿ ಪ್ರೊಫೆಸರ್ ಆದರು. ನರ್ಸೊಬ್ಬಳು ಪ್ರೊಫೆಸರ್ ಆದದ್ದು ಪ್ರಪಂಚದಲ್ಲೇ ಅದು ಮೊದಲು. ಹೆಮ್ಮೆಯ ಸಂಗತಿಯೇ. ಆದರೆ ಅಲ್ಲಿಂದ ಮುಂದೆ ಐವತ್ತು ವರ್ಷ, ಓದಬೇಕೆಂಬ ಹಂಬಲದ ನರ್ಸಿಗೆ ಎರಡೇ ಬಾಗಿಲು ತೆರೆದಿದ್ದವು: ಒಂದು ಮೇಟ್ರನ್ನಿನ ಕೋಣೆಯದು, ಇನ್ನೊಂದು ತರಗತಿಯದು. ವಾರ್ಡಿನ ಬಾಗಿಲು ಹಿಂದಿನಿಂದ ಮುಚ್ಚಿಕೊಳ್ಳುತ್ತಿತ್ತು.

ಅದೇ ಹೊತ್ತಿನಲ್ಲಿ ಪದವಿಯ ಗೊಡವೆಯಿಲ್ಲದೆ ರೋಗಿಯ ಪಕ್ಕದಲ್ಲೇ ನಿಂತು ಅಸಾಧ್ಯವೆನಿಸುವ ಕೆಲಸ ಮಾಡಿದವರೂ ಇದ್ದರು. ಮಿನೆಸೋಟ ರಾಜ್ಯದ ರಾಚೆಸ್ಟರಿನಲ್ಲಿ ಮೇಯೋ ಸೋದರರ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುತ್ತಿದ್ದ ನರ್ಸು ಎಡಿತ್ ಗ್ರಹಾಂ, 1893ರಲ್ಲಿ ಸೋದರರಲ್ಲೊಬ್ಬರಾದ ಚಾರ್ಲ್ಸ್ ಮೇಯೋ ಅವರನ್ನು ಮದುವೆಯಾಗಿ ಕೆಲಸ ಬಿಟ್ಟರು. (ಮದುವೆಯಾದರೆ ಕೆಲಸ ಬಿಡುವುದು ನಮ್ಮ ದೇಶದ ಸೊತ್ತೇನೂ ಅಲ್ಲ ನೋಡಿ.) ಆ ಜಾಗಕ್ಕೆ ಬಂದವರು ಆಲಿಸ್ ಮಗಾ. ಮುಖದ ಮೇಲಿನ ಬಟ್ಟೆಯ ಮೇಲೆ ಈಥರನ್ನು ಹನಿಹನಿಯಾಗಿ ಬಿಡುತ್ತ, ರೋಗಿಯೊಂದಿಗೆ ಮೆಲ್ಲನೆ ಮಾತಾಡುತ್ತ, ಉಸಿರನ್ನೂ ಮುಖದ ಬಣ್ಣವನ್ನೂ ನೋಡುತ್ತ ನಿದ್ದೆ ಬರಿಸುವುದು ಆಕೆಯ ಕ್ರಮ. 1906ರಲ್ಲಿ ಆಕೆ ತಮ್ಮ ಲೆಕ್ಕವನ್ನು ಪ್ರಕಟಿಸಿದರು. 14,000ಕ್ಕೂ ಮಿಕ್ಕಿದ ಶಸ್ತ್ರಕ್ರಿಯೆಗಳು. ಅರಿವಳಿಕೆಯ ಕಾರಣಕ್ಕೆ ಒಂದು ಸಾವೂ ಇಲ್ಲ. ಆ ಕಾಲದಲ್ಲಿ ಈಥರಿನ ಮೇಜಿನ ಮೇಲೆ ಮಲಗುವುದೆಂದರೆ ಯಮನ ಬಾಗಿಲು ತಟ್ಟಿ ಬಂದಂತೆ ಎಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ.

ಇಂಥ ಕೆಲಸದಲ್ಲಿ ಮಾನವೂ ಹಣವೂ ಇದೆ ಎಂದು ಗೊತ್ತಾದ ಮೇಲೆ ಡಾಕ್ಟರುಗಳಿಗೂ ಅದು ಬೇಕಾಯಿತು. ಮೂವತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡ್ಯಾಗ್ಮರ್ ನೆಲ್ಸನ್ ಎಂಬ ನರ್ಸಿನ ಮೇಲೆ ಡಾಕ್ಟರರೇ ದಾವೆ ಹೂಡಿದರು: ಅರಿವಳಿಕೆ ಕೊಡುವುದು ವೈದ್ಯವೃತ್ತಿ, ಪರವಾನಗಿಯಿಲ್ಲದೆ ಈಕೆ ವೈದ್ಯ ಮಾಡುತ್ತಿದ್ದಾಳೆ ಎಂದು. 1936ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನರ್ಸಿನ ಪರ ತೀರ್ಪು ಕೊಟ್ಟಿತು. ಆದರೆ ಕಾರಣ ನೋಡಿ: ಆಕೆ ಶಸ್ತ್ರವೈದ್ಯನ ನಿರ್ದೇಶನದಲ್ಲಿ ಕೆಲಸ ಮಾಡುವುದರಿಂದ ಅದು ವೈದ್ಯವಲ್ಲ ಎಂದು. ಗೆದ್ದಳು, ಮಾತು ಕೇಳುವವಳಾಗಿ ಗೆದ್ದಳು.

ನನಗೆ ಈ ಚರಿತ್ರೆಯಲ್ಲಿ ಬಹಳ ಹಿಡಿಸಿದವರು ಮೇರಿ ಬ್ರೆಕಿನ್‌ರಿಜ್. ದೊಡ್ಡ ಮನೆತನದ ಹೆಂಗಸು. 1916ರಲ್ಲಿ ಹುಟ್ಟಿದ ಮಗಳು ಕೆಲವೇ ಗಂಟೆ ಬದುಕಿತು. 1918ರಲ್ಲಿ ನಾಲ್ಕು ವರ್ಷದ ಮಗನೂ ಹೋದ. ಮದುವೆಯೂ ಉಳಿಯಲಿಲ್ಲ. ಆಮೇಲಿನ ಬದುಕನ್ನೆಲ್ಲ ಆಕೆ ಕಂಡವರ ಮಕ್ಕಳಿಗೆ ಕೊಟ್ಟರು. ಮೊದಲೇ ನರ್ಸಾಗಿದ್ದವರು, ನಲವತ್ತು ದಾಟಿದ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋಗಿ ಸೂಲಗಿತ್ತಿ ವಿದ್ಯೆ ಕಲಿತರು, ಏಕೆಂದರೆ ನರ್ಸುಗಳಿಗೆ ಆ ವಿದ್ಯೆ ಕಲಿಸುವ ಪದ್ಧತಿ ಆಗ ಅಮೆರಿಕದಲ್ಲಿ ಇರಲಿಲ್ಲ. 1925ರಲ್ಲಿ ಕೆಂಟಕಿ ರಾಜ್ಯದ ಬೆಟ್ಟಗಳಲ್ಲಿ ಕೆಲಸ ಆರಂಭಿಸಿದರು. ರಸ್ತೆಯಿಲ್ಲ, ಡಾಕ್ಟರಿಲ್ಲ, ಹೊಳೆ ಹಳ್ಳ ದಾಟಬೇಕಾದರೆ ಕುದುರೆಯೇ ಗತಿ. ನಮ್ಮ ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಕೆಯ ನರ್ಸುಗಳು ಜೀನಿನ ಎರಡೂ ಬದಿಗೆ ಚೀಲ ಇಳಿಬಿಟ್ಟುಕೊಂಡು ಅಪರಾತ್ರಿಯಲ್ಲಿ ಹೆರಿಗೆಗೆ ಹೋಗುತ್ತಿದ್ದರು. ಹೆರಿಗೆಯ ಶುಲ್ಕ ಐದು ಡಾಲರು; ಅದನ್ನು ಬಹಳ ಮನೆಯವರು ದುಡಿಮೆಯಿಂದಲೋ ಬೆಳೆದದ್ದರಿಂದಲೋ ತೀರಿಸುತ್ತಿದ್ದರು. ಡಾಕ್ಟರರ ಸಮಿತಿಯೊಂದು ಬರೆದುಕೊಟ್ಟ ಪುಸ್ತಕ ಅವರ ಚೀಲದಲ್ಲಿರುತ್ತಿತ್ತು. ಇಂಥ ಲಕ್ಷಣಕ್ಕೆ ಇಂಥದನ್ನು ಮಾಡಬಹುದು ಎಂಬ ಅಪ್ಪಣೆ ಅದರಲ್ಲಿತ್ತು. ಉಳಿದದ್ದು ಅವರ ವಿವೇಕ.

ಮೊದಲ ಸಾವಿರ ಹೆರಿಗೆಗಳ ಲೆಕ್ಕವನ್ನು 1932ರಲ್ಲಿ ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿಯವರು ತೆಗೆದು ನೋಡಿದರು. ಬಸಿರು, ಹೆರಿಗೆಗಳ ನೇರ ಕಾರಣದಿಂದ ತೀರಿಕೊಂಡ ತಾಯಿ ಒಬ್ಬಳೂ ಇರಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಆಕೆಯ ಬ್ರಿಟಿಷ್ ನರ್ಸುಗಳು ತಮ್ಮ ದೇಶಕ್ಕೆ ಹಿಂತಿರುಗಿದರು. ಆಗ ಬೇರೆ ದಾರಿಯಿಲ್ಲದೆ 1939ರಲ್ಲಿ ಆಕೆ ಅಲ್ಲೇ ಬೆಟ್ಟದಲ್ಲಿ, ತರಬೇತಾದ ನರ್ಸುಗಳಿಗಾಗಿ ಶಾಲೆ ತೆರೆದರು. ಹೆಚ್ಚು ಓದು, ಆದರೆ ಓದಿ ಹೋಗಬೇಕಾದದ್ದು ಬಾಣಂತಿಯ ಮಂಚದ ಬಳಿಗೇ. ಅದೇ ಇಂದು ವಿಶ್ವವಿದ್ಯಾಲಯವಾಗಿ ಬೆಳೆದಿದೆ.

ಇನ್ನು ವಿಶ್ವವಿದ್ಯಾಲಯಗಳ ಒಳಗೆ ಮೊದಲ ಬಿರುಕು ಬಿಟ್ಟವರು ಹಿಲ್ಡಗಾರ್ಡ್ ಪೆಪ್ಲಾವ್. ಪೋಲೆಂಡಿನಿಂದ ವಲಸೆ ಬಂದ ಕುಟುಂಬದ ಮಗಳು. ಒಬ್ಬಳೇ ಮಗಳನ್ನು ಒಬ್ಬಂಟಿಯಾಗಿ ಸಾಕಿದವರು. ಮಾನಸಿಕ ರೋಗಿಗೆ ಮಾತ್ರೆ ಕೊಟ್ಟು ಬೀಗ ಹಾಕುವುದಲ್ಲ, ಅವನ ಮಾತು ಕೇಳುವುದೇ ನರ್ಸಿನ ಚಿಕಿತ್ಸೆ ಎಂಬುದು ಆಕೆಯ ಸಿದ್ಧಾಂತ. ಅದನ್ನು ಪುಸ್ತಕವಾಗಿ ಬರೆದು ಮುಗಿಸಿದ್ದು 1948ರಲ್ಲಿ, ಅಚ್ಚಾದದ್ದು 1952ರಲ್ಲಿ. ನಡುವಿನ ನಾಲ್ಕು ವರ್ಷ ಏಕೆ ಎಂದರೆ, ಡಾಕ್ಟರೊಬ್ಬರ ಹೆಸರು ಜೊತೆಗಿಲ್ಲದೆ ನರ್ಸೊಬ್ಬಳೇ ಇಂಥ ಪುಸ್ತಕ ಬರೆಯುವುದುಂಟೇ ಎಂಬ ಹಿಂಜರಿಕೆ. 1954ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಆಕೆ ಆರಂಭಿಸಿದ ಸ್ನಾತಕೋತ್ತರ ಪದವಿ ಆಡಳಿತಕ್ಕೂ ಅಲ್ಲ, ಬೋಧನೆಗೂ ಅಲ್ಲ. ರೋಗಿಯನ್ನು ನೋಡಿಕೊಳ್ಳುವ ಪರಿಣತಿಗೆಂದೇ ಮೀಸಲಾದದ್ದು. ಐವತ್ತೈದು ವರ್ಷಗಳ ಹಿಂದೆ ಕೊಲಂಬಿಯಾದಲ್ಲಿ ಮುಚ್ಚಿದ ಬಾಗಿಲಿಗೆ ಈಗ ಕೀಲಿಕೈ ಸಿಕ್ಕಿತೆನ್ನಬೇಕು.

ಇಲ್ಲಿಯವರೆಗೆ ಓದಿದವರಿಗೆ ಅಡ್ಡಬಂದವರು ಗಂಡಸು ಡಾಕ್ಟರರೇ ಎನಿಸಿರಬಹುದು. ಕತೆ ಅಷ್ಟು ಸರಳವಲ್ಲ. ನಾರ್ತ್ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಥೆಲ್ಮಾ ಇಂಗಲ್ಸ್ ಎಂಬ ನರ್ಸಿಂಗ್ ಅಧ್ಯಾಪಕಿ ಇದ್ದರು. ತಮಗೆ ಸಿಕ್ಕ ಬಿಡುವಿನ ವರ್ಷದಲ್ಲಿ ಊರು ತಿರುಗದೆ, ಯೂಜೀನ್ ಸ್ಟೆಡ್ ಎಂಬ ಹಿರಿಯ ವೈದ್ಯರ ಜೊತೆ ವಾರ್ಡುಗಳಲ್ಲಿ ಸುತ್ತಿ ವೈದ್ಯಶಾಸ್ತ್ರ ಕಲಿತರು. ಇಬ್ಬರೂ ಸೇರಿ 1957ರ ಸುಮಾರಿಗೆ ನರ್ಸುಗಳಿಗಾಗಿ ರೋಗಿಯ ಆರೈಕೆಯಲ್ಲೇ ಪರಿಣತಿ ಕೊಡುವ ಸ್ನಾತಕೋತ್ತರ ಓದನ್ನು ರೂಪಿಸಿದರು. ಅದಕ್ಕೆ ಮಾನ್ಯತೆ ಕೊಡಲು ನಿರಾಕರಿಸಿದ್ದು ನರ್ಸಿಂಗ್ ಶಿಕ್ಷಣದ ರಾಷ್ಟ್ರೀಯ ಸಂಸ್ಥೆ, ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್. ಡಾಕ್ಟರರ ಕೆಲಸವನ್ನು ನರ್ಸಿಗೆ ಏಕೆ ಹೊರಿಸಬೇಕು ಎಂಬುದು ಅವರ ಅನುಮಾನ. ಬೇಸತ್ತ ಸ್ಟೆಡ್ ಅದೇ ವಿಚಾರವನ್ನು ಬೇರೆಯವರಿಗೆ ದಾನಮಾಡಿದರು. 1965ರಲ್ಲಿ ನೌಕಾದಳದಿಂದ ಬಿಡುಗಡೆಯಾದ ವೈದ್ಯ ಸಹಾಯಕರನ್ನು, ಎಲ್ಲರೂ ಗಂಡಸರೇ, ಸೇರಿಸಿಕೊಂಡು ‘ಫಿಜಿಷಿಯನ್ ಅಸಿಸ್ಟೆಂಟ್’ ಎಂಬ ಹೊಸ ವೃತ್ತಿಯನ್ನೇ ಹುಟ್ಟಿಸಿದರು. ಹೆಂಗಸರಿಗಾಗಿ ಹಾಕಿದ ಎಲೆಗೆ ಗಂಡಸರು ಬಂದು ಕುಳಿತರು. ಆ ಸಂಸ್ಥೆಯ ಹೆಂಗಸರ ಭಯ ನನಗೆ ಅರ್ಥವಾಗುತ್ತದೆ. ಕಷ್ಟಪಟ್ಟು ಕಟ್ಟಿಕೊಂಡ ಸ್ವಂತ ಮನೆಯನ್ನು ಮತ್ತೆ ಡಾಕ್ಟರರ ಹಿತ್ತಿಲು ಮಾಡುವುದು ಅವರಿಗೆ ಬೇಕಿರಲಿಲ್ಲ. ಆದರೂ ಆ ನಿರ್ಧಾರ ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಅದೇ 1965ರಲ್ಲಿ, ಅಲ್ಲಿಂದ ದೂರದ ಕೊಲರಾಡೊದಲ್ಲಿ, ಲೊರೆಟಾ ಫೋರ್ಡ್ ಬೇರೆ ಬಗೆಯಲ್ಲಿ ಹೊರಟರು. 1920ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಮದುವೆ ನಿಶ್ಚಯವಾಗಿದ್ದ ಹುಡುಗ 1942ರಲ್ಲಿ ಯುದ್ಧದಲ್ಲಿ ಮಡಿದ. ಈಕೆಯೂ ಸೇನೆಯ ನರ್ಸಾದರು. ಯುದ್ಧ ಮುಗಿದ ಮೇಲೆ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಓದುತ್ತ, ಹಳ್ಳಿಗಾಡಿನಲ್ಲಿ ಸಾರ್ವಜನಿಕ ಆರೋಗ್ಯದ ನರ್ಸಾಗಿ ತಿರುಗಾಡಿದರು. ಡಾಕ್ಟರಿಲ್ಲದ ಊರುಗಳಲ್ಲಿ ಒಂದೆರಡು ಕೋಣೆ ಹಿಡಿದು ಮಕ್ಕಳ ಕ್ಲಿನಿಕ್ ನಡೆಸುವುದು ಅವರ ಕೆಲಸ. ಆ ಕಾಲದಲ್ಲಿ ಡಾಕ್ಟರರು ನಗರ ಸೇರುತ್ತಿದ್ದರು, ವಿಶೇಷಜ್ಞರಾಗುತ್ತಿದ್ದರು. 1965ರಲ್ಲಿ ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳು ಬಂದು, ಮುದುಕರಿಗೂ ಬಡವರಿಗೂ ಚಿಕಿತ್ಸೆಗೆ ಹಣ ಸಿಕ್ಕಿತು, ನೋಡುವವರು ಸಿಗಲಿಲ್ಲ.

ಫೋರ್ಡ್ ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಅವರೊಂದಿಗೆ ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿಯನ್ನು ಆರಂಭಿಸಿದರು. ಪದವೀಧರ ನರ್ಸಿಗೆ ನಾಲ್ಕು ತಿಂಗಳ ಬಿಗಿಯಾದ ಪಾಠ. ಆಮೇಲೆ ಊರುಗಳಲ್ಲಿ ಕೆಲಸ. ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದು, ಕಿವಿಯ ಒಳಗೆ ನೋಡುವುದು, ಬೆಳವಣಿಗೆ ಅಳೆಯುವುದು, ಸಾಮಾನ್ಯ ಜ್ವರ ಕೆಮ್ಮುಗಳನ್ನು ತಾನೇ ನಿಭಾಯಿಸುವುದು. ಸ್ಟೆತಾಸ್ಕೋಪ್ ಹಿಡಿದದ್ದೇನು ದೊಡ್ಡ ಮಾತು ಎಂದು ಇಂದಿನವರಿಗೆ ಅನ್ನಿಸಬಹುದು. ಎದೆಯ ಸದ್ದು ಕೇಳಿ ಅದರ ಅರ್ಥ ಹೇಳುವುದು ಅಂದು ಡಾಕ್ಟರರ ಹಕ್ಕು.

ಫೋರ್ಡರ ಆಸೆ ಇದು ಸ್ನಾತಕೋತ್ತರ ಪದವಿಯಾಗಬೇಕೆಂಬುದು. ಅವರ ಕಾಲೇಜಿನ ಸಹೋದ್ಯೋಗಿಗಳೇ ಒಪ್ಪಲಿಲ್ಲ. ಪ್ರಯೋಗವೆಂದು, ಸರ್ಟಿಫಿಕೇಟ್ ಕೋರ್ಸೆಂದು ನಡೆಸಬೇಕಾಯಿತು. ‘ನರ್ಸುಗಳನ್ನು ಕಿರಿ ಡಾಕ್ಟರುಗಳನ್ನಾಗಿ ಮಾಡುತ್ತಿದ್ದಾಳೆ’ ಎಂಬ ಆರೋಪ ಹೊರಗಿನಿಂದಲ್ಲ, ನರ್ಸಿಂಗಿನ ಹಿರಿಯರಿಂದಲೇ ಬಂತು. ಮಾರ್ಥಾ ರೋಜರ್ಸ್ ಅವರಂಥ ದೊಡ್ಡ ಚಿಂತಕಿ ಎಪ್ಪತ್ತರ ದಶಕದಲ್ಲೂ ಈ ವೃತ್ತಿಯನ್ನು ಒಪ್ಪಲಿಲ್ಲ. ನೋಡಿದ ಜನ ಮಾತ್ರ ಬೇಗ ಒಪ್ಪಿದರು. ಮಗುವಿಗೆ ಜ್ವರ ಬಂದ ತಾಯಿಗೆ ಬೇಕಾದದ್ದು ಬಾಗಿಲ ಮೇಲಿನ ಬೋರ್ಡಲ್ಲ, ಬಾಗಿಲ ಒಳಗೊಬ್ಬರು.

ಇದು ಸುರಕ್ಷಿತವೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಕೆನಡಾದ ಆಂಟೇರಿಯೊ ಪ್ರಾಂತದ ಬರ್ಲಿಂಗ್ಟನ್ ಎಂಬ ಊರಿನಿಂದ. 1971-72ರಲ್ಲಿ ಅಲ್ಲಿಯ ಎರಡು ಮಂದಿ ಡಾಕ್ಟರರ ಬಳಿಗೆ ಬರುತ್ತಿದ್ದ 1,598 ಕುಟುಂಬಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರನ್ನು ಡಾಕ್ಟರರಿಗೂ ಕೆಲವರನ್ನು ನರ್ಸ್ ಪ್ರಾಕ್ಟೀಷನರಿಗೂ ಒಪ್ಪಿಸಿದರು. ವರ್ಷ ಕಳೆದ ಮೇಲೆ ನೋಡಿದರೆ ಎರಡೂ ಕಡೆಯವರ ಆರೋಗ್ಯ ಒಂದೇ ತೆರ, ಸಮಾಧಾನವೂ ಒಂದೇ ತೆರ. ನೂರರಲ್ಲಿ 67 ಭೇಟಿಗಳನ್ನು ನರ್ಸು ಡಾಕ್ಟರರನ್ನು ಕೇಳದೆಯೇ ಮುಗಿಸಿದ್ದಳು. 1974ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಸಣ್ಣ ಅಂಕಿಯಿದೆ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಕ್ಲಿನಿಕ್ಕಿನ ವರಮಾನ ನೂರಕ್ಕೆ ಐದರಷ್ಟು ಕಡಿಮೆಯಾಗಿತ್ತು. ರೋಗಿಗಳು ಬಿಟ್ಟುಹೋದರೆಂದಲ್ಲ. ನರ್ಸು ಮಾಡಿದ ಕೆಲಸಕ್ಕೆ ಹಣ ಕೊಡುವ ಪದ್ಧತಿಯೇ ಇರಲಿಲ್ಲ. ಅಡಿಗೆ ಮನೆಯ ದುಡಿಮೆಗೆ ಸಂಬಳವಿಲ್ಲದಿರುವುದನ್ನು ಬಲ್ಲ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಮುಂದಿನದೆಲ್ಲ ಕಾನೂನು ಮತ್ತು ಹಣದ ಹೋರಾಟ. 1971ರಲ್ಲಿ ಐಡಹೊ ರಾಜ್ಯ, ರೋಗನಿರ್ಣಯವೂ ಚಿಕಿತ್ಸೆಯೂ ಇಂಥ ನರ್ಸಿನ ಕೆಲಸವೇ ಎಂದು ಎಲ್ಲರಿಗಿಂತ ಮೊದಲು ಕಾನೂನಿನಲ್ಲಿ ಬರೆಯಿತು. 1983ರಲ್ಲಿ ಮಿಸ್ಸೌರಿಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಕುಟುಂಬ ಯೋಜನಾ ಕ್ಲಿನಿಕ್ಕಿನ ನರ್ಸುಗಳ ಮೊಕದ್ದಮೆ ಬಂತು. ಈ ಸಲ ನರ್ಸುಗಳು, ತಮಗೆ ಗೊತ್ತಿರುವ ವಿದ್ಯೆಯ ಮಿತಿಯೊಳಗೆ ತಮ್ಮದೇ ವೃತ್ತಿಯನ್ನು ಮಾಡುತ್ತಿದ್ದಾರೆ ಎಂಬ ಆಧಾರದ ಮೇಲೆ ಗೆದ್ದರು. 1936ರ ತೀರ್ಪಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. 1997ರ ಕಾನೂನು, ಮೆಡಿಕೇರ್ ಹಣ ನರ್ಸ್ ಪ್ರಾಕ್ಟೀಷನರುಗಳಿಗೆ ನೇರವಾಗಿ ಸಲ್ಲುವಂತೆ ಮಾಡಿತು. ಎಷ್ಟು? ಅದೇ ಕೆಲಸಕ್ಕೆ ಡಾಕ್ಟರರಿಗೆ ನೂರು ಕೊಟ್ಟರೆ ಇವರಿಗೆ 85.

ಈ ಹೋರಾಟವೇ ಪದವಿಯನ್ನು ಅನಿವಾರ್ಯ ಮಾಡಿತು. ಎಪ್ಪತ್ತರ ದಶಕದಲ್ಲಿ ಕೆಲವೇ ತಿಂಗಳ ಕೋರ್ಸುಗಳು ಅಣಬೆಯಂತೆ ಎದ್ದಿದ್ದವು. ಒಂದು ಕಡೆ ಕಲಿಸಿದ್ದು ಇನ್ನೊಂದು ಕಡೆ ಇಲ್ಲ. ನ್ಯಾಯಾಲಯದಲ್ಲಿ ‘ನೀನು ಓದಿದ್ದೇನು’ ಎಂದು ಕೇಳಿದರೆ ಒಂದೇ ಉತ್ತರ ಬೇಕಲ್ಲ. ತೊಂಬತ್ತರ ದಶಕದ ಹೊತ್ತಿಗೆ ಸ್ನಾತಕೋತ್ತರ ಪದವಿಯೇ ಸಾಮಾನ್ಯ ನಿಯಮವಾಯಿತು. ಫೋರ್ಡ್ ಕೇಳಿದ್ದನ್ನೇ ಮೂವತ್ತು ವರ್ಷ ತಡವಾಗಿ ಒಪ್ಪಿಕೊಂಡರು. ಅದರ ಜೀವಾಳ ಮೂರು ವಿಷಯ: ರೋಗದಲ್ಲಿ ದೇಹ ಹೇಗೆ ಕೆಡುತ್ತದೆ ಎಂಬುದು, ದೇಹವನ್ನು ಆಮೂಲಾಗ್ರ ಪರೀಕ್ಷಿಸುವುದು, ಔಷಧಶಾಸ್ತ್ರ. ಇವುಗಳ ಮೇಲೆ ನೂರಾರು ಗಂಟೆ, ಬಹುಕಾಲ ಕನಿಷ್ಠ 500 ಎಂದಿದ್ದದ್ದು ಈಗ 750, ಹಿರಿಯರ ಕಣ್ಣಳತೆಯಲ್ಲಿ ರೋಗಿಗಳನ್ನು ನೋಡಬೇಕು. ಬಹಳ ಮಂದಿ ನೌಕರಿ ಬಿಡದೆ, ರಾತ್ರಿ ಪಾಳಿ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ ಇದನ್ನು ಓದುತ್ತಾರೆ. 2004ರಲ್ಲಿ ಅಲ್ಲಿಯ ನರ್ಸಿಂಗ್ ಕಾಲೇಜುಗಳ ಸಂಘ, 2015ರ ಹೊತ್ತಿಗೆ ಇದಕ್ಕೂ ಡಾಕ್ಟರೇಟೇ ಬೇಕು ಎಂದು ನಿಶ್ಚಯಿಸಿತು. 2015 ಬಂತು, ಹೋಯಿತು, ಎಂ.ಎಸ್ಸಿ.ಯೂ ಉಳಿದಿದೆ. ಅರಿವಳಿಕೆಯ ನರ್ಸುಗಳು ಮಾತ್ರ 2022ರಿಂದ ಡಾಕ್ಟರೇಟಿಗೇ ಸೇರಬೇಕು. ಹನಿಹನಿ ಈಥರಿನ ಆಲಿಸ್ ಮಗಾ ಈಗ ಬಂದರೆ ಪ್ರವೇಶವೇ ಸಿಗುತ್ತಿರಲಿಲ್ಲ! ಓದಿನ ಏಣಿಗೆ ಮೆಟ್ಟಿಲು ಸೇರಿಸುತ್ತಲೇ ಹೋದರೆ ಏರಲಾರದ ಬಡವರ ಮಕ್ಕಳು ಕೆಳಗೇ ಉಳಿಯುತ್ತಾರೆ ಎಂಬ ಅಳುಕು ನನಗಿದೆ.

ನಮ್ಮ ದೇಶದ ಕತೆ ಬೇರೆ. 1946ರ ಭೋರ್ ಸಮಿತಿಯ ವರದಿಯಂತೆ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000. ಎಂದರೆ 43,000 ಜನಕ್ಕೆ ಒಬ್ಬಳು. ಅದೇ 1946ರಲ್ಲಿ ದೆಹಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಆರಂಭವಾಯಿತು. ದೆಹಲಿಯ ಆ ಕಾಲೇಜಿಗೆ ಮುಂದೆ ನಮ್ಮ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿಟ್ಟರು. 1959ರಲ್ಲಿ ಸ್ನಾತಕೋತ್ತರ ಪದವಿ ಮೊದಲು ಬಂದದ್ದೂ ಅಲ್ಲೇ. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಮಾನಸಿಕ ಆರೋಗ್ಯ ಸಂಸ್ಥೆ, ಇಂದಿನ ನಿಮ್ಹಾನ್ಸ್, ಐವತ್ತರ ದಶಕದಲ್ಲೇ ಮನೋರೋಗಿಗಳ ಶುಶ್ರೂಷೆಯಲ್ಲಿ ಡಿಪ್ಲೊಮಾ ಕೊಡತೊಡಗಿತು. ಆದರೆ ಪದವೀಧರೆಯರು ಬೇಕಾಗಿದ್ದದ್ದು ಮುಖ್ಯವಾಗಿ ಪಾಠ ಹೇಳುವುದಕ್ಕೆ. ಶಾಲೆಗಳು ಹೆಚ್ಚಿದಂತೆ ಆ ಬೇಡಿಕೆ ಇನ್ನಷ್ಟು ಹೆಚ್ಚಿತು. ಕರ್ನಾಟಕದಲ್ಲಂತೂ, 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟುವ ಹೊತ್ತಿಗೆ ಬೀದಿಗೊಂದು ನರ್ಸಿಂಗ್ ಶಾಲೆ ಎಂಬಂತಾಗಿತ್ತು.

ನನ್ನ ಸೋದರತ್ತೆ ಎಪ್ಪತ್ತರ ದಶಕದಲ್ಲಿ ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದರು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ವಾಂತಿಭೇದಿಯಿಂದ ಒಣಗಿಹೋದ ಕೂಸುಗಳಿಗೆ ನರ ಹುಡುಕಿ ಸೂಜಿ ಏರಿಸುವುದರಲ್ಲಿ ಅವರ ಕೈ ಎತ್ತಿದ ಕೈ. ಎಳೆಯ ಡಾಕ್ಟರರು ತಮ್ಮಿಂದಾಗದಿದ್ದಾಗ ಮೆಲ್ಲಗೆ ಅತ್ತೆಯನ್ನು ಕರೆಯುತ್ತಿದ್ದರಂತೆ. ಎರಡು ವರ್ಷ ರಜೆ ಹಾಕಿ ಬಿ.ಎಸ್ಸಿ. ಮುಗಿಸಿ ಹಿಂತಿರುಗಿದಾಗ ಅವರನ್ನು ನರ್ಸಿಂಗ್ ಶಾಲೆಗೆ ಹಾಕಿದರು. ಮಕ್ಕಳ ವಾರ್ಡಿಗೇ ಹಾಕಿ ಎಂದು ಅರ್ಜಿ ಕೊಟ್ಟರೆ, ‘ಓದಿ ಬಂದವರು ಮತ್ತೆ ಬೆಡ್‌ಪ್ಯಾನ್ ಎತ್ತುತ್ತೀರಾ?’ ಎಂದು ಮೇಲಿನವರು ನಕ್ಕರಂತೆ. ನಿವೃತ್ತಿಯವರೆಗೂ ಅತ್ತೆ ಗೊಂಬೆಯ ಕೈಯಲ್ಲಿ ನರ ಹುಡುಕುವುದನ್ನು ಕಲಿಸಿದರು. ‘ಸಂಬಳ ಜಾಸ್ತಿ ಆಯ್ತು ಕಣೇ, ರಾತ್ರಿ ಪಾಳಿಯೂ ತಪ್ಪಿತು. ಆದರೆ ಬೆರಳು ಮರೆತುಬಿಡ್ತು’ ಎಂದು ಒಮ್ಮೆ ಹೇಳಿದ್ದು ನೆನಪಿದೆ.

ಅತ್ತೆ ಬಯಸಿದಂಥ ಓದು ನಮ್ಮಲ್ಲಿಗೆ ಬಂದದ್ದು ಈಚೆಗೆ. 2016ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಮತ್ತು ಕೇಂದ್ರ ಆರೋಗ್ಯ ಇಲಾಖೆ, ತೀವ್ರ ನಿಗಾ ಘಟಕಕ್ಕಾಗಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ರೂಪಿಸಿದವು. ಬಿ.ಎಸ್ಸಿ. ಆಗಿ, ಒಂದು ವರ್ಷವಾದರೂ ರೋಗಿಗಳ ನಡುವೆ ದುಡಿದಿರಬೇಕು; ಓದಿನ ಬಹುಪಾಲು ಕಾಲ ಘಟಕದಲ್ಲೇ. 2018ರಲ್ಲಿ ಸೂಲಗಿತ್ತಿ ವಿದ್ಯೆಗೂ ಇಂಥದೇ ಹದಿನೆಂಟು ತಿಂಗಳ ತರಬೇತಿಯ ಮಾರ್ಗಸೂಚಿ ಬಂತು. ತೊಡಕಿಲ್ಲದ ಹೆರಿಗೆಯನ್ನು ಆಕೆಯೇ ಆರಂಭದಿಂದ ಕೊನೆಯವರೆಗೆ ನೋಡಿಕೊಳ್ಳಬೇಕೆಂಬುದು ಉದ್ದೇಶ. ಅದೇ ವರ್ಷದಿಂದ ಹಳ್ಳಿಯ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದರು. ಅವರಲ್ಲಿ ಬಹಳ ಮಂದಿ ಬಿ.ಎಸ್ಸಿ. ನರ್ಸಿಂಗ್ ಓದಿದ ನಮ್ಮ ಹುಡುಗಿಯರೇ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮೊದಲು ಗುರುತಿಸುವವರು ಈಗ ಅವರು. 1947ರ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನೂ ಮಾಡಿತು. ಅಷ್ಟರಲ್ಲಿ ಲೊರೆಟಾ ಫೋರ್ಡ್ ನೂರು ದಾಟಿದ್ದರು. 2025ರ ಜನವರಿಯಲ್ಲಿ, 104ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಬೀದಿಯ ಹುಡುಗಿಯೊಬ್ಬಳು ಆ ತೀವ್ರ ನಿಗಾದ ಪದವಿ ಮುಗಿಸಿದ್ದಾಳೆ. ಈಗ ಒಂದು ಊರಿನ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಹಬ್ಬಕ್ಕೆ ಬಂದಾಗ ಕೇಳಿದೆ, ಹೇಗಿದೆ ಕೆಲಸ ಎಂದು. ‘ಸರ್ಟಿಫಿಕೇಟಿನಲ್ಲಿ ನರ್ಸ್ ಪ್ರಾಕ್ಟೀಷನರ್ ಅಂತಿದೆ ಆಂಟಿ, ಡ್ಯೂಟಿ ಪಟ್ಟಿಯಲ್ಲಿ ಸ್ಟಾಫ್ ನರ್ಸ್ ಅಂತಲೇ ಇದೆ’ ಎಂದು ನಕ್ಕಳು. ಊರಲ್ಲೊಂದು ನರ್ಸಿಂಗ್ ಕಾಲೇಜಿನವರು ಪಾಠಕ್ಕೆ ಕರೆಯುತ್ತಿದ್ದಾರಂತೆ. ಸಂಬಳ ಹೆಚ್ಚು, ಭಾನುವಾರ ರಜೆ, ಅಮ್ಮನಿಗೂ ಅದೇ ಇಷ್ಟ. ಇವಳು ಇನ್ನೂ ಹೂಂ ಅಂದಿಲ್ಲ. ರಾತ್ರಿ ಮೂರು ಗಂಟೆಗೆ ವೆಂಟಿಲೇಟರಿನಲ್ಲಿರುವ ರೋಗಿಯ ರಕ್ತದ ವರದಿ ಬರುತ್ತದೆ. ನೋಡಿದೊಡನೆ ಯಾವ ಗುಂಡಿಯನ್ನು ಎಷ್ಟು ತಿರುಗಿಸಬೇಕೆಂದು ಅವಳಿಗೆ ಗೊತ್ತಾಗುತ್ತದೆ. ಮನೆಯಲ್ಲಿ ಮಲಗಿರುವ ಡಾಕ್ಟರರಿಗೆ ಫೋನು ಮಾಡಿ ವರದಿ ಓದುತ್ತಾಳೆ, ಏನು ಮಾಡಬಹುದೆಂದು ತಾನೇ ಹೇಳುತ್ತಾಳೆ, ಆ ಕಡೆಯಿಂದ ‘ಹಾಗೇ ಮಾಡಿ ಸಿಸ್ಟರ್’ ಎಂದು ಬರುವವರೆಗೆ ಕಾಯುತ್ತಾಳೆ. ಆಮೇಲೆ ಕೇಸ್ ಶೀಟಿನಲ್ಲಿ ‘ಡಾಕ್ಟರರ ಫೋನ್ ಆದೇಶದ ಮೇರೆಗೆ’ ಎಂದು ಬರೆದು, ಸಮಯ ಹಾಕಿ, ಕೆಳಗೆ ತನ್ನ ಸಹಿ ಮಾಡುತ್ತಾಳೆ.